ಚಿಪ್ಪಿನ ಗಾರೆ

ನಾವು ಈಗಿರುವ ಮನೆಯ ನಕ್ಷೆ ಬರೆದ ಆರ್ಕಿಟೆಕ್ಟು ಸತ್ತು ನೂರು ವರ್ಷದ ಮೇಲಾಯಿತು. ಬದುಕಿದ್ದು ಎದುರಿಗೆ ಸಿಕ್ಕಿದ್ದರೆ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿ ಒಂದು ಮಾತು ಕೇಳುತ್ತಿದ್ದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮದುವೆಗೆ ಮುಂಚೆಯೇ ನಮ್ಮ ಅವ್ವ ಗಂಡಿನ ಕಡೆಯವರಿಗೆ ಹೇಳಿಬಿಟ್ಟಿದ್ದಳು, ಆಮೇಲೆ ತಕರಾರು ಬೇಡ ಅಂತ. ಆದರೆ ಈ ಮನುಷ್ಯನ ಮೇಲಿರುವುದು ಆ ಜಾತಿಯ ಕೋಪವಲ್ಲ. ಬಹಳ ವರ್ಷ ಅವನನ್ನು ನನ್ನ ಗುರು ಎಂದುಕೊಂಡಿದ್ದೆ, ಅದಕ್ಕೇ ಇಷ್ಟು ಉರಿ.

ನಾನು ಸ್ಯಾನ್ ಮಟಿಯೋದ ಒಂದು ಸಣ್ಣ ಆಫೀಸಿನಲ್ಲಿ ಸಿವಿಲ್ ಇಂಜಿನಿಯರು. ಹಳೆಯ ಮರದ ಮನೆಗಳು ಭೂಕಂಪಕ್ಕೆ ಜಾರಿ ಬೀಳದ ಹಾಗೆ ಅವನ್ನು ಅಡಿಪಾಯಕ್ಕೆ ಬಿಗಿಯುವುದು ನಮ್ಮ ಕೆಲಸ. ಅದಕ್ಕೆ ಮನೆಯ ಕೆಳಗೆ ನುಗ್ಗಬೇಕು. ಇಲ್ಲಿಯ ಹಳೆ ಮನೆಗಳಲ್ಲಿ ನೆಲದ ಹಲಗೆಗೂ ಮಣ್ಣಿಗೂ ನಡುವೆ ತೆವಳುವಷ್ಟು ಜಾಗ ಇರುತ್ತದೆ. ಹಣೆಗೆ ಲೈಟು ಕಟ್ಟಿಕೊಂಡು, ಇಲಿ ಹಿಕ್ಕೆಯ ಮೇಲೆ ಹೊಟ್ಟೆ ಎಳೆದುಕೊಂಡು ಹೋದರೆ ಮನೆ ಕಟ್ಟಿದವನ ಬಂಡವಾಳ ಗೊತ್ತಾಗುತ್ತದೆ. ಬೀದಿಯಲ್ಲಿ ನಿಂತವರಿಗೆ ಬಣ್ಣದ ಗಾಜು, ಕೆತ್ತಿದ ಕಂಬ ಕಾಣುತ್ತವೆ. ಕೆಳಗೆ ನೋಡಿದರೆ ತುಂಡು ಮರ, ಕಣ್ಣು ಮುಚ್ಚಿ ಹೊಡೆದ ಮೊಳೆ. ದೊಡ್ಡ ಹೆಸರು ಮಾಡಿದವರ ಬಣ್ಣವೂ ಅಲ್ಲಿ ಬಯಲಾಗಿದ್ದನ್ನು ನೋಡಿದ್ದೇನೆ.

ಇವನೊಬ್ಬನ ಮನೆಗಳು ಹಾಗಿರಲಿಲ್ಲ. ಓಕ್‌ಲ್ಯಾಂಡಿಗೆ ಅಂಟಿಕೊಂಡ ಈ ದ್ವೀಪದ ಊರಿನಲ್ಲಿ ಅವನು ಕಟ್ಟಿಸಿದವು ಬೀದಿಗೊಂದರಂತೆ ಉಳಿದಿವೆ. ವಿಕ್ಟೋರಿಯಾ ರಾಣಿಯ ಕಾಲ. ರೈಲು ಬಂದು, ನೆಲವನ್ನೆಲ್ಲ ಸೈಟು ಮಾಡಿ ಹಂಚಿ, ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿಗಳು ಹಡಗಿನ ಕ್ಯಾಪ್ಟನ್ನುಗಳು ಈ ಕಡೆ ಬಂದು ನೆಲೆಸುತ್ತಿದ್ದ ದಿನಗಳು. ಅವರಿಗೆ ಅವನು ಮದುವೆ ಚಪ್ಪರದ ಹಾಗೆ ಸಿಂಗರಿಸಿದ ಮನೆಗಳನ್ನು ಕಟ್ಟಿಕೊಟ್ಟ. ಮೂಲೆಯಲ್ಲಿ ಒಂದು ದುಂಡು ಗೋಪುರ, ಗೋಡೆಗೆ ಮೀನಿನ ಪೊರೆಯಂತೆ ಜೋಡಿಸಿದ ರೆಡ್‌ವುಡ್ ಹಲಗೆ, ಹಜಾರದ ಫೈರ್‌ಪ್ಲೇಸಿನ ಸುತ್ತ ಹುಟ್ಟುವ ಸೂರ್ಯನನ್ನು ಕೆತ್ತಿದ ಮರದ ಚೌಕಟ್ಟು. ಯಾರೂ ನೋಡದ ಕೆಳಗಿನ ತೊಲೆಯಲ್ಲೂ ಒಂದು ಗಂಟಿರುವ ಮರ ಬಳಸಿದವನಲ್ಲ. ಕೆಲಸ ನಡೆಯುವಾಗ ದಿನಾ ಬಂದು ನಿಲ್ಲುತ್ತಿದ್ದನಂತೆ, ಗಂಟು ಕಂಡರೆ ಆ ಮರವನ್ನು ಬೀದಿಗೆ ಎಸೆಯುತ್ತಿದ್ದನಂತೆ. ಹಾಗೆಂದು ಇಲ್ಲಿ ಹಳೆ ಮನೆ ತೋರಿಸಲು ಕರೆದುಕೊಂಡು ಹೋಗುವವರು ಹೇಳುತ್ತಾರೆ. ನಾನು ತೆವಳಿ ನೋಡಿದವಳು, ನಂಬಿದೆ.

ಅವನ ಮನೆಯೊಂದು ಪಾಳು ಬಿದ್ದ ಸ್ಥಿತಿಯಲ್ಲಿ ಮಾರಾಟಕ್ಕೆ ಬಂದಾಗ ನನ್ನ ಗಂಡನನ್ನು ಕಾಡಿಸಿ ಪೀಡಿಸಿ ಕೊಳ್ಳಿಸಿದೆ. ಅವನು ಬೆಂಗಳೂರಿನವನು, ಜಯನಗರದ ಹುಡುಗ, ಸಾಫ್ಟ್‌ವೇರಿನಲ್ಲಿದ್ದಾನೆ. ಗಿಲ್‌ರಾಯ್ ಕಡೆ ಹೊಸ ಮನೆ ತಗೊಳ್ಳೋಣ, ಬೀಗ ತೆಗೆದು ಒಳಗೆ ಹೋದರೆ ಸಾಕು ಎನ್ನುತ್ತಿದ್ದ. ಆದರೆ ಈ ಮನೆಗೆ ಬಂದ ಮೇಲೆ ನನಗಿಂತ ಹೆಚ್ಚಾಗಿ ಇದಕ್ಕೆ ಅಂಟಿಕೊಂಡವನು ಅವನೇ. ಭಾನುವಾರವೆಲ್ಲ ಕೂತು ಕಿಟಕಿಯ ಹಳೆ ಬಣ್ಣ ಕೆರೆಯುತ್ತಿದ್ದ.

ಒಂದು ಬೆಳಿಗ್ಗೆ ನೆಲ ನಡುಗಿತು. ದೊಡ್ಡದೇನಲ್ಲ, ಸ್ಟವ್ವಿನ ಮೇಲಿನ ಹಾಲು ತುಳುಕಿತು, ಅಷ್ಟೆ. ಮಂಡ್ಯದಿಂದ ಬಂದು ನಮ್ಮ ಜೊತೆಗಿದ್ದ ಅವ್ವ ಒಲೆ ಆರಿಸಿ ಹೊರಗೆ ಬಂದು ನಿಂತಳು. ಹೊರಗಿನಿಂದ ನೋಡಿದರೆ ಚಿಮ್ನಿ ಬಿರುಕು ಬಿಟ್ಟಿತ್ತು. ಇಟ್ಟಿಗೆಯ ಚಿಮ್ನಿ ಎಂದರೆ ಈ ಊರಿನಲ್ಲಿ ತಲೆ ಮೇಲೆ ತೂಗುವ ಕಲ್ಲು. ಇನ್ನೊಂದು ಸಲ ನಡುಗಿದರೆ ನೇರವಾಗಿ ಅವ್ವ ಮಲಗುವ ಕೋಣೆಯೊಳಕ್ಕೆ ಬೀಳುತ್ತಿತ್ತು.

"ಈಶಾನ್ಯದಲ್ಲಿ ಯಾರಾರ ಬೆಂಕಿ ಮಡುಗ್ತಾರಾ? ಬಂದ ದಿಸವೇ ಯೋಳ್ದೆ ನಾನು," ಅಂದಳು ಅವ್ವ. ಭೂಕಂಪಕ್ಕೂ ವಾಸ್ತುವೇ ಕಾರಣ ಎಂದು ಅವಳ ತೀರ್ಮಾನ.

ಚಿಮ್ನಿ ಇಳಿಸಲು ಊರಿನ ಹಳೆ ಮನೆಗಳ ಸಮಿತಿಯ ಮುಂದೆ ಹೋಗಬೇಕಾಯಿತು. ಆ ಆರ್ಕಿಟೆಕ್ಟು ಕಟ್ಟಿಸಿದ ಮನೆಯೆಂದರೆ ಅವರಿಗೆ ದೇವಸ್ಥಾನ. ಕಿಟಕಿಯ ಬಣ್ಣ ಬದಲಿಸಲೂ ಅವರನ್ನು ಕೇಳಬೇಕು. ಇಟ್ಟಿಗೆ ತೆಗೆಯಿರಿ, ಬುಡವನ್ನೂ ತೆಗೆಯಿರಿ, ಆದರೆ ಸೂರ್ಯನ ಚೌಕಟ್ಟನ್ನೂ ಹೊರಗೋಡೆಯನ್ನೂ ಮುಟ್ಟಕೂಡದು ಎಂದು ಅಪ್ಪಣೆಯಾಯಿತು. ನನಗೆ ಒಪ್ಪಿಗೆಯೇ ಇತ್ತು. ಅವನ ಕೈಕೆಲಸಕ್ಕೆ ಗೌರವ ಸಿಕ್ಕಿತಲ್ಲ ಎಂದು ಖುಷಿಪಟ್ಟೆ ಕೂಡ.

ಮೇಲಿನ ಇಟ್ಟಿಗೆಯನ್ನು ಕೆಲಸದವರು ಇಳಿಸಿಕೊಟ್ಟರು. ಬುಡ ಮಾತ್ರ ನಾನೇ ಒಡೆಯುತ್ತೇನೆಂದು ಹಟ ಹಿಡಿದೆ. ವಾರವೆಲ್ಲ ಮೀಟಿಂಗಿನಲ್ಲಿ ನಗುನಗುತ್ತ ಕೂತವಳಿಗೆ ಶನಿವಾರ ಒಂದು ಸಮ್ಮಟಿಗೆ ಕೊಟ್ಟರೆ ಸ್ವರ್ಗ. ಫೈರ್‌ಪ್ಲೇಸಿನ ಒಳಗಿನ ಇಟ್ಟಿಗೆ ಹೋದ ಮೇಲೆ ನೆಲದಲ್ಲಿ ಗುಂಡಿಯಾಗಿತ್ತು. ಅದರ ತಳದಲ್ಲಿ ಇಷ್ಟು ವರ್ಷ ಚಿಮ್ನಿಯ ಭಾರ ಹೊತ್ತ ಗಾರೆಯ ದಿಮ್ಮಿ. ಗುಂಡಿಗೆ ಇಳಿದು ಮೈಮೇಲೆ ಬಂದವಳಂತೆ ಹೊಡೆದೆ. ಪ್ರತಿ ಏಟಿಗೂ ಮನೆಯ ಗಾಜುಗಳೆಲ್ಲ ಗಡಗಡ ಅಂದವು. ದಿಮ್ಮಿಯ ಒಂದು ಮೂಲೆ ಹಾರಿತು. ಒಳಗೆಲ್ಲ ಚಿಪ್ಪು. ಮರಳಿನ ಬದಲು ಸಮುದ್ರದ ಚಿಪ್ಪನ್ನೇ ಸುರಿದು ಕಲಸಿದ ಗಾರೆ. ಇಂಥದ್ದನ್ನು ಇದೇ ಊರಿನ ಬೇರೆ ಮನೆಗಳ ಕೆಳಗೂ ಕಂಡಿದ್ದೆ, ಹಾಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಇನ್ನೂ ಎರಡು ಏಟು ಹಾಕಿದೆ. ಒಡೆದ ಹೆಂಟೆಯಿಂದ ಒಂದು ದವಡೆ ಉರುಳಿ ನನ್ನ ಬೂಟಿನ ಹತ್ತಿರ ನಿಂತಿತು.

ಮನುಷ್ಯರ ದವಡೆ. ಹಲ್ಲುಗಳಿದ್ದವು; ಒರಳಲ್ಲಿ ಅರೆದ ಹಾಗೆ ಸವೆದು ಮಟ್ಟಸವಾಗಿದ್ದವು. ನನ್ನ ಏಟಿಗೆ ಅದರ ಒಂದು ಬದಿ ಆಗಷ್ಟೇ ಸೀಳಿತ್ತು. ಹೊಸ ಸೀಳು ಬೆಳ್ಳಗೆ ಕಾಣುತ್ತಿತ್ತು. ಕೈಯಿಂದ ಮಣ್ಣು ಸರಿಸಿದರೆ ಪಕ್ಕೆಲುಬಿನ ತುಂಡುಗಳು, ತೋಳಿನದೊಂದು ತೆಳ್ಳನೆಯ ಮೂಳೆ. ಗುಂಡಿಯ ಅಂಚಿನಲ್ಲಿ ಅವ್ವ ಬಂದು ಬಗ್ಗಿ ನೋಡುತ್ತಿದ್ದಳು.

"ಹೆಣ್ಣೆಂಗ್ಸು ಕಣವ್ವ," ಅಂದಳು ಮೆಲ್ಲಗೆ. ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಆಗಿನಿಂದ ನಾವೆಲ್ಲ ಅದನ್ನು ಅವಳು ಎಂದೇ ಕರೆದೆವು.

ಇಂಥ ಮೂಳೆ ಸಿಕ್ಕರೆ ಸುತ್ತಿಗೆ ಕೆಳಗಿಟ್ಟು ಕೌಂಟಿಗೆ, ಅಂದರೆ ಇಲ್ಲಿಯ ಜಿಲ್ಲಾ ಕಚೇರಿಗೆ, ಫೋನು ಮಾಡಬೇಕು, ಅದು ಇಲ್ಲಿಯ ಕಾನೂನು, ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಹಳೆಯ ಮೂಲನಿವಾಸಿಗಳ ಮೂಳೆಯಾದರೆ ಅವರ ವಂಶದವರನ್ನು ಹುಡುಕಿ ಕರೆಸುತ್ತಾರೆ. ಸತ್ತವರನ್ನು ಎಲ್ಲಿ ಹೇಗೆ ಮಣ್ಣು ಮಾಡಬೇಕೆಂದು ಹೇಳುವವರು ಅವರೇ. ನಾನು ಫೋನು ತೆಗೆದೆ. ನನ್ನ ಗಂಡ ಒಳಗೆ ಬಂದವನು ಗುಂಡಿಯನ್ನೂ ಫೋನನ್ನೂ ನೋಡಿದ.

"ಕಾಲ್ ಮಾಡ್ಬೇಡ," ಅಂದ.

"ಮಾಡ್ಲೇಬೇಕು."

"ಮಾಡಿದ್ರೆ ಕೆಲಸ ನಿಲ್ಲಿಸ್ತಾರೆ. ಅಗೀತಾರೆ. ಇನ್ನೂ ಏನೇನು ಸಿಗುತ್ತೋ. ಮನೆ ಪೂರ್ತಿ ಎತ್ತಿಸಿಬಿಡ್ತಾರೆ ಕಣೇ! ಯಾರಿಗೆ ಗೊತ್ತಾಗುತ್ತೆ? ಒಂದು ಬ್ಯಾಗಿಗೆ ಹಾಕಿ ಎಲ್ಲಾದ್ರೂ ಹೂತುಬಿಡೋಣ."

"ನಿಮ್ಮಜ್ಜಿ ಮೂಳೆ ಆಗಿದ್ರೆ ಬ್ಯಾಗಿಗೆ ಹಾಕ್ತಿದ್ಯಾ?"

ಅವನು ಫೋನು ಕಸಿದ. ನಾನು ಬಿಡಲಿಲ್ಲ. ಕೈ ತಿರುಚಿ ಕಿತ್ತುಕೊಂಡವನೇ ಇಟ್ಟಿಗೆ ರಾಶಿಗೆ ಬೀಸಿ ಹೊಡೆದ, ಫೋನು ಚೂರಾಯಿತು. ಎರಡೂ ಕೈಯಿಂದ ಅವನ ಎದೆಗೆ ನೂಕಿದೆ. ಪಕ್ಕಕ್ಕೆ ಮಗುಚಿದವನ ಹುಬ್ಬು ಸೂರ್ಯನ ಚೌಕಟ್ಟಿನ ಅಂಚಿಗೆ ಬಡಿದು ಹರಿಯಿತು. ಅವನೂ ಸುಮ್ಮನಿರಲಿಲ್ಲ, ಎದ್ದು ಬಂದು ನನ್ನ ಜಡೆ ಹಿಡಿದು ಜಗ್ಗಿದ. ಇಷ್ಟು ವರ್ಷದಲ್ಲಿ ನಾವು ಕೂಗಾಡಿದ್ದುಂಟು, ಕೈ ಮಿಲಾಯಿಸಿದ್ದು ಅದೇ ಮೊದಲು. ಅವನ ರಕ್ತ ನನ್ನ ಕೊರಳಿಗೆಲ್ಲ ಹತ್ತಿತು. ಅವ್ವ ಪೊರಕೆ ಎತ್ತಿಕೊಂಡು ನಮ್ಮಿಬ್ಬರ ನಡುವೆ ನುಗ್ಗಿದಳು. ನನಗೆ ಎರಡು ಬಾರಿಸಿ, ಅಳಿಯನಿಗೆ ಹೊಡೆಯಲು ಕೈ ಬರದೆ ಪೊರಕೆಯನ್ನು ಗೋಡೆಗೆ ಎಸೆದಳು.

"ಸತ್ತೋರ ಎದ್ರುಗೆ ಇಂಗೆ ಕಿತ್ತಾಡ್ತೀರಲ್ಲ! ಅವಳ ಜೀವಕ್ಕೆ ನೆಮ್ದಿ ಇಲ್ಲ, ನಿಮ್ಗೂ ಇಲ್ಲ. ಓಗಿ, ಮೊದ್ಲು ಅವರ್ನ ಡಾಕ್ಟ್ರ ತಾವ್ಕೆ ಕರ್ಕೊಂಡೋಗು."

ಟವೆಲ್ಲು ಒತ್ತಿಕೊಂಡು ಕೂತವನನ್ನು ಕಾರಿನಲ್ಲಿ ಹಾಕಿಕೊಂಡು ಹೋದೆ. ಏನಾಯಿತೆಂದು ನರ್ಸು ಕೇಳಿದಳು. ಇಟ್ಟಿಗೆ ಬಿತ್ತು ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು. ಅವನಿಗೆ ಹೊಲಿಗೆ ಹಾಕುತ್ತಿದ್ದಾಗ ಅವನ ಫೋನಿನಿಂದಲೇ ಕೌಂಟಿಗೆ ಕಾಲ್ ಮಾಡಿದೆ. ಅವನು ಮಲಗಿದಲ್ಲಿಂದ ನೋಡಿದ. ಸಂಜೆಯೊಳಗೆ ಬರುತ್ತೇವೆ, ಯಾವುದನ್ನೂ ಮುಟ್ಟಬೇಡಿ ಎಂದರು ಅವರು.

ಮನೆಗೆ ಬಂದರೆ ಗುಂಡಿ ಗುಡಿಸಿದ ಹಾಗೆ ಚೊಕ್ಕಟವಾಗಿತ್ತು. ಅಂಚಿಗೆ ಅರಿಶಿನ ಕುಂಕುಮ. ಅವ್ವ ತಲೆಗೆ ಸ್ನಾನ ಮಾಡಿ ದೀಪ ಹಚ್ಚಿ ಕೂತಿದ್ದಳು.

"ಮೂಳೆ ಎಲ್ಲವ್ವ?"

"ಕಳ್ಸಿದೆ."

"ಎಲ್ಲಿಗೆ?"

"ಅಲ್ಲೇ, ಬೀದಿ ಕೊನೆ ಸಮುದ್ರುಕ್ಕೆ. ಎಳ್ಳು ಆಕಿ, ಹಾಲು ಬುಟ್ಟು, ಕೈ ಮುಗ್ದೆ. ನಿಮ್ಮಪ್ಪನ್ಗೆ ಪಶ್ಚಿಮವಾಹಿನೀಲಿ ಮಾಡ್ದಂಗೇ ಮಾಡೀವ್ನಿ. ಯಾವ ಕೊರ್ತೆನೂ ಮಾಡಿಲ್ಲ ಕಣವ್ವ."

ನಮ್ಮ ಕಡೆ ಬಾವಿ ತೋಡುವಾಗಲೋ ಪಾಯ ಅಗೆಯುವಾಗಲೋ ಮೂಳೆ ಸಿಕ್ಕರೆ ಹೀಗೇ ಮಾಡುತ್ತಾರೆ. ದಿಕ್ಕಿಲ್ಲದ ಜೀವ, ಹೊಳೆಗೆ ಬಿಟ್ಟರೆ ದಡ ಸೇರುತ್ತದೆ ಅಂತ. ಮನೆಯ ಕೆಳಗೆ ಮೂಳೆ ಇದ್ದರೆ ಇದ್ದವರು ಬಾಳುವುದಿಲ್ಲ ಅಂತಲೂ. ನಾವಿಬ್ಬರು ರಕ್ತ ಸುರಿಸಿಕೊಂಡು ಹೋಗಿದ್ದೆವು. ಅವ್ವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅವಳಿಗೆ ಗೊತ್ತಿದ್ದ ದೊಡ್ಡ ಮರ್ಯಾದೆಯನ್ನು ಅವಳು ಮಾಡಿದ್ದಳು, ಅದೂ ಒಬ್ಬಳೇ, ಮೊಣಕಾಲುದ್ದ ತಣ್ಣೀರಿಗೆ ಇಳಿದು. ಅದು ನನಗೆ ಈಗ ಅರ್ಥವಾಗುತ್ತದೆ. ಆವತ್ತು ಬಾಯಿಗೆ ಬಂದಂತೆ ಕಿರುಚಿದೆ. ಯಾರನ್ನು ಕೇಳಿ ಮಾಡಿದೆ, ಅವಳಿಗೆ ತನ್ನವರಿಲ್ಲ ಅಂತ ನಿನಗೆ ಯಾರು ಹೇಳಿದರು ಎಂದು ಕೂಗಿ, ಬಾಗಿಲನ್ನು ಒದ್ದುಕೊಂಡು ದಡಕ್ಕೆ ಓಡಿದೆ.

ಅಷ್ಟರಲ್ಲಿ ಇಳಿತ ಬಂದು ನೀರು ಹಿಂದಕ್ಕೆ ಹೋಗಿತ್ತು. ದೂರದವರೆಗೆ ಕಪ್ಪು ಕೆಸರು. ಅದರಲ್ಲಿ ಮಂಡಿಯೂರಿ ಕೈಯಿಂದ ಬಗೆದೆ. ಸಿಕ್ಕಿದ್ದೆಲ್ಲ ಚಿಪ್ಪು, ಉಗುರಿನ ಸಂದಿ ಹರಿದು ಉರಿಯಿತು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಇನ್ನೊಬ್ಬರು ಬಗೆಯುವ ಸದ್ದು. ನನ್ನ ಗಂಡ ಹುಬ್ಬಿನ ಮೇಲೆ ಪಟ್ಟಿ ಕಟ್ಟಿಕೊಂಡು ಮೊಣಕೈವರೆಗೆ ಕೆಸರಿನಲ್ಲಿದ್ದ. ಹೊಲಿಗೆ ಬಿಚ್ಚಿ ರಕ್ತ ಗಲ್ಲಕ್ಕೆ ಇಳಿಯುತ್ತಿತ್ತು. ನಾವು ಒಬ್ಬರನ್ನೊಬ್ಬರು ನೋಡಲಿಲ್ಲ. ಏನೂ ಸಿಗಲಿಲ್ಲ.

ಸಂಜೆ ಕೌಂಟಿಯವನು ಬಂದ. ವಯಸ್ಸಾದ, ಸಮಾಧಾನದ ಮನುಷ್ಯ. ನಡೆದದ್ದನ್ನೆಲ್ಲ ಹೇಳಿದೆ, ಅವನು ಬರೆದುಕೊಂಡ. ಆಮೇಲೆ ಗುಂಡಿಗೆ ಇಳಿದು ಉಳಿದ ದಿಮ್ಮಿಗೆ ಟಾರ್ಚು ಹಾಕಿದ. ಗಾರೆಯೊಳಗೆ ಬೆರಳಿನ ಮೂಳೆಗಳು, ತಲೆಬುರುಡೆಯ ದುಂಡು ಅಂಚು ಕಚ್ಚಿಕೊಂಡಿದ್ದವು. ಅವಳ ಉಳಿದ ಭಾಗ ಅಲ್ಲೇ ಇತ್ತು.

"ದಿಬ್ಬದಿಂದ ಬಂದದ್ದು," ಅಂದ.

ಯಾವ ದಿಬ್ಬ ಎಂದು ಅವನೇ ಹೇಳಿದ. ಈ ಊರು ಆಗುವ ಮೊದಲು ಇಲ್ಲೊಂದು ಚಿಪ್ಪಿನ ದಿಬ್ಬವಿತ್ತು. ಕೊಲ್ಲಿಯ ದಂಡೆಯಲ್ಲಿ ಬಾಳಿದ ಓಲೋನಿ ಜನ ತಲೆತಲಾಂತರ ಅಲ್ಲಿ ಉಂಡು, ಅಲ್ಲೇ ತಮ್ಮ ಸತ್ತವರನ್ನು ಮಲಗಿಸಿ ಚಿಪ್ಪು ಮಣ್ಣು ಮುಚ್ಚುತ್ತಿದ್ದರು. ಬಂದು ನೆಲೆಸಿದವರು ಅದನ್ನು ಕಡಿದು ಕುದುರೆ ಗಾಡಿಗಳಲ್ಲಿ ಸಾಗಿಸಿದರು. ರಸ್ತೆಗೆ ಹಾಸಿದರು, ಗುಲಾಬಿ ತೋಟಕ್ಕೆ ಗೊಬ್ಬರ ಹಾಕಿದರು, ಗಾರೆಗೆ ಕಲಸಿದರು. ಆ ಜನರನ್ನು ಅದಕ್ಕೂ ಮೊದಲೇ ಓಡಿಸಿ, ದುಡಿಸಿ, ಕೊಂದು ಮುಗಿಸಿದ್ದರು. ಹಾಗಾಗಿ ಬೇಡ ಎಂದು ಬಂದು ನಿಲ್ಲಲು ದಿಬ್ಬದ ಹತ್ತಿರ ಯಾರೂ ಉಳಿದಿರಲಿಲ್ಲ.

ನನ್ನ ಗುರು ಆಗ ಎಲ್ಲಿದ್ದ? ದಿನಾ ಬಂದು ನಿಲ್ಲುತ್ತಿದ್ದವನು, ಕತ್ತಲಲ್ಲಿರುವ ತೊಲೆಯ ಗಂಟನ್ನು ಕಂಡು ಹಿಡಿಯುತ್ತಿದ್ದವನು. ಗಾರೆ ಕಲಸುವಾಗ ಹಲ್ಲಿರುವ ದವಡೆ ಅವನ ಕಣ್ಣಿಗೆ ಬೀಳಲಿಲ್ಲವೇ? ಬಿತ್ತು. ನನಗೆ ಅನುಮಾನವೇ ಇಲ್ಲ. ಮರದಲ್ಲಿ ಗಂಟಿದ್ದರೆ ಬೀದಿಗೆ ಎಸೆದ, ಗಾರೆಯಲ್ಲಿ ಹೆಂಗಸಿದ್ದರೆ ಆಗಬಹುದು ಅಂದ. ಅವನನ್ನು ನಾನು ಕೇಳಬೇಕಿದ್ದ ಮಾತು ಇದು. ಈ ಮನೆಯ ಒಂದು ಕಿಟಕಿಯ ಬಣ್ಣಕ್ಕೆ ಸಮಿತಿಯ ಅಪ್ಪಣೆ ಬೇಕು. ಅವಳನ್ನು ಕುಟ್ಟಿ ಕಲಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ನಾನೂ ಕೂಡ ಇವರು ಕಡಿದು ಹಂಚಿದ ನೆಲಕ್ಕೇ ಬಂದು ಗೃಹಪ್ರವೇಶ ಮಾಡಿಕೊಂಡವಳು.

ಎರಡು ದಿನ ಬಿಟ್ಟು, ಬೆಳಿಗ್ಗೆ, ವಂಶದವರ ಪರವಾಗಿ ಬಂದ ಹೆಂಗಸು ಗಿಲ್‌ರಾಯ್ ಕಡೆಯಿಂದ ಹಳೆ ಪಿಕಪ್ಪು ಓಡಿಸಿಕೊಂಡು ಬಂದಳು. ನನ್ನದೇ ವಯಸ್ಸು, ಗಟ್ಟಿ ಆಳು, ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿದ್ದಳು. ಗುಂಡಿಯ ಹತ್ತಿರ ಒಬ್ಬಳೇ ಕೂರಬೇಕು ಅಂದಳು. ನಾವು ಜಗಲಿಯಲ್ಲಿ ಕಾದೆವು. ಒಳಗೆ ಅವಳು ಯಾರೊಂದಿಗೋ ಮಾತಾಡುತ್ತಿದ್ದ ದನಿ ಕೇಳುತ್ತಿತ್ತು. ಆಮೇಲೆ ಬಾಗಿಲಿಗೆ ಬಂದು ಕರೆದಳು.

"ದವಡೆ, ಪಕ್ಕೆಲುಬು, ತೋಳು ಇತ್ತು ಅಂದರು. ಎಲ್ಲಿ?"

ಕೌಂಟಿಯವನು ಆ ಮಾತನ್ನು ನನ್ನ ಪಾಲಿಗೇ ಬಿಟ್ಟಿದ್ದ. ನಾನು ಹೇಳಿದೆ. ನಮ್ಮ ತಾಯಿ, ನಮ್ಮ ಪದ್ಧತಿ, ನೀರಿಗೆ ಬಿಡುವುದು ನಮ್ಮಲ್ಲಿ ದೊಡ್ಡ ಗೌರವ, ಅಂತೆಲ್ಲ. ಹೇಳುತ್ತಿದ್ದ ಹಾಗೆ ನನ್ನ ಕಿವಿಗೇ ಅದು ಹೊಲಸಾಗಿ ಕೇಳಿಸಿತು.

"ನೀರಿಗೆ," ಅಂದಳು. "ಅವಳನ್ನು ಒಮ್ಮೆ ಅಗೆದರು. ಕುಟ್ಟಿ ಕಲಸಿದರು. ಅವಳ ಮೇಲೆ ಬೆಂಕಿ ಹಾಕಿಕೊಂಡು ಇಷ್ಟು ವರ್ಷ ಮೈ ಕಾಯಿಸಿಕೊಂಡರು. ಕೊನೆಗೆ ಸಿಕ್ಕಿದಳು. ಅವಳನ್ನು ಇಡಿಯಾಗಿ ಮಣ್ಣಿಗೆ ಹಾಕಲು ನಾನು ಬಂದಿದ್ದೇನೆ. ನೀವು ನೀರಿಗೆ ಎಸೆದಿದ್ದೀರಿ."

"ರೆಸ್ಪೆಕ್ಟಿನಿಂದಲೇ ಮಾಡಿದ್ದು," ಎಂದು ನನ್ನ ಗಂಡ ಬಾಯಿ ಹಾಕಿದ. ಹಾಕಬಾರದಿತ್ತು.

ಅವಳು ಗೋಡೆಗೆ ಒರಗಿಸಿದ್ದ ನನ್ನ ಸಮ್ಮಟಿಗೆ ತೆಗೆದುಕೊಂಡಳು. ನಮ್ಮಲ್ಲಿ ಯಾರ ತಲೆಗೆ ಬೀಳುತ್ತದೋ ಅಂದುಕೊಂಡೆ. ಅವ್ವನಿಗೆ ಅಡ್ಡ ನಿಂತೆ. ಅವಳು ತಿರುಗಿ ಫೈರ್‌ಪ್ಲೇಸಿನ ಚೌಕಟ್ಟಿಗೆ ಬೀಸಿದಳು. ಸೂರ್ಯನ ನಡುವಿಗೇ ಬಿತ್ತು ಏಟು. ಒಣಗಿದ ರೆಡ್‌ವುಡ್ಡು ಮೂಳೆ ಮುರಿದಂತೆ ಸದ್ದು ಮಾಡಿ ಸೀಳಿತು. ನನ್ನ ಗಂಡ "ನೋ!" ಎಂದು ಮುಂದೆ ನುಗ್ಗಿದ. ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ, ಬಿಡಲಿಲ್ಲ. ಅವಳು ಹೊಡೆಯುತ್ತಲೇ ಹೋದಳು. ಕಿರಣಗಳು, ಹೂಬಳ್ಳಿ, ಕಂಬ, ಆ ಆರ್ಕಿಟೆಕ್ಟು ನಿಂತು ಮಾಡಿಸಿದ ಒಂದೊಂದೂ ಪುಡಿಯಾಗಿ ನಮ್ಮ ಕಾಲ ಬಳಿ ಬಿತ್ತು. ಒಂದು ಸಿಬಿರು ಹಾರಿ ಅವಳ ಕೆನ್ನೆ ಕೊಯ್ದಿತು. ಒರೆಸಿಕೊಳ್ಳಲೂ ಇಲ್ಲ. ನನಗೆ ಒಂದಿಷ್ಟೂ ನೋವಾಗಲಿಲ್ಲ. ಇನ್ನೂ ಹೊಡಿ ಅನ್ನಿಸಿತು.

ಒಡೆಯಲು ಏನೂ ಉಳಿಯದಾದಾಗ ಸಮ್ಮಟಿಗೆ ಊರಿಕೊಂಡು ಏದುಸಿರು ಬಿಡುತ್ತ ನಿಂತಳು.

"ನೀರಿಗೆ ಬಿಡುವಾಗ ನಿಮ್ಮ ತಾಯಿ ಏನಾದರೂ ಹೇಳಿದರೇ?"

ನಾನು ಅವ್ವನನ್ನು ಕೇಳಿದೆ. ಅವ್ವ ಗರ ಬಡಿದವಳಂತಿದ್ದಳು. ಇಂಗ್ಲಿಷು ಬಾರದಿದ್ದರೂ ಅರ್ಧ ಅರ್ಥವಾಗಿತ್ತು.

"ಓಗವ್ವ, ನಿಮ್ಮೋರ ತಾವ್ಕೆ ಓಗು ಅಂದೆ. ಮಕ್ಳು ಮರಿ ಯಾರೂ ಇಲ್ಲ ಅಂತ ಕೊರಗ್ಬ್ಯಾಡ, ನನ್ನೇ ಮಗಳು ಅಂತ ತಿಳ್ಕೊ ಅಂದೆ."

ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ.

"ಅವಳಿಗೆ ಮಕ್ಕಳಿದ್ದಾರೆ," ಅಂದಳು ಆ ಹೆಂಗಸು. "ಅವಳ ಜನ ಎಲ್ಲಿಗೂ ಹೋಗಿಲ್ಲ. ನಾವು ಇಲ್ಲೇ ಇದ್ದೆವು. ಒಂದೂವರೆ ಗಂಟೆಯ ದಾರಿ. ಯಾರೂ ಕೇಳಲಿಲ್ಲ. ಇದನ್ನು ನಿಮ್ಮ ತಾಯಿಗೆ ಹೇಳಿ."

ಹೇಳಿದೆ. ಅವ್ವ ಕೂತಲ್ಲೇ ಹಣೆ ಹಣೆ ಬಡಿದುಕೊಂಡಳು. ಗೋಡೆಗೆ ತಲೆ ಚಚ್ಚಿಕೊಳ್ಳಲು ಹೋದವಳನ್ನು ನನ್ನ ಗಂಡ ಎಳೆದು ಹಿಡಿದ. "ಮಕ್ಳಿದ್ರಂತಲ್ಲೋ! ಮಕ್ಳು ಇರೋ ತಾಯ್ನ ಅನಾಥೆ ಮಾಡಿ ಕಳ್ಸುಬುಟ್ನಲ್ಲೋ!" ಎಂದು ಕೂಗಿದಳು. ಅಪ್ಪ ಹೋದಾಗಲೂ ಅವಳು ಹಾಗೆ ಕೂಗಿರಲಿಲ್ಲ. ಆ ಹೆಂಗಸು ನೋಡಿದಳು. ಸಮಾಧಾನ ಮಾಡಲು ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.

"ಉಳಿದವಳನ್ನು ಕೊಡಿ," ಅಂದಳು ನನಗೆ. "ಇನ್ನು ಸುತ್ತಿಗೆ ತಾಗಿಸುವಂತಿಲ್ಲ. ಇಡಿಯಾಗಿ ಬೇಕು."

ಗುಂಡಿಗೆ ಇಳಿದು ಅಳೆದೆ. ದಿಮ್ಮಿ ಒಡೆಯದೆ ಬಾಗಿಲಲ್ಲಿ ಹೋಗುವ ಹಾಗಿರಲಿಲ್ಲ. ಇದ್ದದ್ದು ಒಂದೇ ದಾರಿ. ಗುಂಡಿ ಹೊರಗೋಡೆಗೆ ಹೊಂದಿಕೊಂಡಿತ್ತು. ಗೋಡೆ ತೆಗೆದರೆ ಹಲಗೆಯ ಮೇಲೆ ಜಾರಿಸಿ ಸೀದಾ ಪಿಕಪ್ಪಿಗೆ ಏರಿಸಬಹುದು. ಬಣ್ಣದ ಗಾಜಿನ ಕಿಟಕಿಗಳಿದ್ದ, ಸಮಿತಿ ಮುಟ್ಟಬಾರದೆಂದ ಗೋಡೆ.

"ಪರ್ಮಿಷನ್ನು?" ಅಂದ ನನ್ನ ಗಂಡ.

"ಇವರು ಕೊಟ್ಟರಲ್ಲ," ಅಂದೆ.

ಮೇಲಿನ ತೊಲೆಗೆ ಜಾಕು ಕೊಟ್ಟು ಊರುಗಂಬ ನಿಲ್ಲಿಸಿದೆ. ಕೋಪ ಎಷ್ಟೇ ಇದ್ದರೂ ಮನೆ ತಲೆ ಮೇಲೆ ಬೀಳಿಸಿಕೊಳ್ಳುವಷ್ಟು ದಡ್ಡಿಯಲ್ಲ. ಆಮೇಲೆ ಗರಗಸ ಹಾಕಿದೆ. ನನ್ನ ಗಂಡ ಒಂದು ನಿಮಿಷ ನಿಂತು ನೋಡಿದ. ತಾನು ಭಾನುವಾರಗಳೆಲ್ಲ ಕೂತು ಕೆರೆದ ಕಿಟಕಿಯನ್ನು ತಾನೇ ಹಾರೆ ಹಾಕಿ ಮೀಟಿದ. ಗಾಜು ಒಡೆದು ಅಂಗಳದ ತುಂಬ ಕೆಂಪು ಹಳದಿ ಚೂರು. ಮೀನಿನ ಪೊರೆಯ ಹಲಗೆಗಳನ್ನು ಸಾಲು ಸಾಲಾಗಿ ಕಿತ್ತೆಸೆದೆವು. ಅಕ್ಕಪಕ್ಕದವರು ರಸ್ತೆಯಲ್ಲಿ ಸೇರಿದರು. ನಮಗೆ ಹುಚ್ಚು ಹಿಡಿದಿದೆಯೇ ಎಂದು ಒಬ್ಬರು ಕೂಗಿದರು, ಇನ್ನೊಬ್ಬರು ವಿಡಿಯೋ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಗೋಡೆಯಲ್ಲಿ ಎತ್ತಿನ ಗಾಡಿ ನುಗ್ಗುವಷ್ಟು ಬಾಯಿ ತೆರೆಯಿತು.

ದಿಮ್ಮಿಯ ಸುತ್ತಲ ಮಣ್ಣನ್ನು ಕೈಯಿಂದ ಬಗೆದು ಕೆಳಗೆ ಹಲಗೆ ತೂರಿಸಿದೆವು. ಆ ಹೆಂಗಸು ಹಗ್ಗ ಬಿಗಿದಳು. ಅವಳು ಮುಂದೆ ಎಳೆದಳು, ನಾವಿಬ್ಬರು ಹಿಂದಿನಿಂದ ನೂಕಿದೆವು. ಅವ್ವ ಯಾರೂ ಕರೆಯದೆ ಬಂದು ಸೆರಗು ಸಿಕ್ಕಿಸಿ ನನ್ನ ಪಕ್ಕ ಹೆಗಲು ಕೊಟ್ಟಳು. ಹೆಂಗಸು ತಿರುಗಿ ನೋಡಿದಳು. ಬೇಡ ಅನ್ನುತ್ತಾಳೇನೋ ಅಂದುಕೊಂಡೆ, ಅನ್ನಲಿಲ್ಲ. ದಿಮ್ಮಿ ಪಿಕಪ್ಪು ಸೇರಿದ ಮೇಲೆ ಅದಕ್ಕೊಂದು ಕಂಬಳಿ ಹೊದಿಸಿ, ಮಗುವಿಗೆ ಮಾಡುವ ಹಾಗೆ ಸುತ್ತ ಒತ್ತಿ ಸಿಕ್ಕಿಸಿದಳು.

ಅವಳು ಬಾಗಿಲು ತೆಗೆಯುವಾಗ ಅವ್ವ ಪಿಕಪ್ಪಿನ ಪಕ್ಕವನ್ನು ಹಿಡಿದುಕೊಂಡಳು.

"ಎಲ್ಲಿ ಮಣ್ಣು ಮಾಡ್ತಾರೆ ಕೇಳು. ನಾನು ಊರಿಗೋಗೋಗಂಟ ಅಮಾಸೆ ಅಮಾಸೆಗೆ ಒಂದು ಊವಾದ್ರೂ ಮಡುಗಿ ಬತ್ತೀನಿ."

ಕೇಳಿದೆ.

"ಹೇಳುವುದಿಲ್ಲ," ಅಂದಳು ಆ ಹೆಂಗಸು. ದನಿಯಲ್ಲಿ ಆಗ ಕೋಪವೂ ಇರಲಿಲ್ಲ. "ಯಾರಿಗೂ ಹೇಳುವುದಿಲ್ಲ. ಗೊತ್ತಾದ ಜಾಗಗಳ ಮೇಲೆಲ್ಲ ಮನೆ ಎದ್ದಿವೆ."

ಅದನ್ನೂ ಕನ್ನಡದಲ್ಲಿ ಹೇಳಿದೆ. ಅವ್ವ ಕಂಬಳಿಯನ್ನೊಮ್ಮೆ ನೋಡಿದಳು. ಆಮೇಲೆ ಪಿಕಪ್ಪಿನಿಂದ ಕೈ ತೆಗೆದಳು.

"ದಿಟ," ಅಂದಳು. "ನಮ್ಗೆ ಯೋಳ್ಬ್ಯಾಡ ಅನ್ನು."

ನಾನು ಹೇಳಿದೆ.